ಹದ್ದಿನ ಹತ್ರ ಸಿಗ್ತೀನಿ

ಅಕ್ಕನ ಮನೆ ನ್ಯೂಜೆರ್ಸಿಯಲ್ಲಿ. 2025ರ ಮಾರ್ಚ್‌ನಲ್ಲಿ ಹೋಗಿದ್ದೆ. "ಫಿಲಡೆಲ್ಫಿಯಾದ ಮೇಸೀಸ್ ಮುಚ್ತಿದ್ದಾರೆ, ಒಂದ್ಸಲ ನೋಡ್ಕೊಂಡು ಬರೋಣ ಬಾ" ಅಂದಳು. ಮುಚ್ಚೋ ಅಂಗಡಿ ನೋಡೋಕೆ ಅಷ್ಟು ದೂರನಾ ಅಂತ ಗೊಣಗಿಕೊಂಡೇ ಹೊರಟೆ.

ಸಿಟಿ ಹಾಲ್ ಪಕ್ಕದಲ್ಲೇ ಕಟ್ಟಡ. ಹಳಬರಿಗೆ ಅದು ಈಗಲೂ ವಾನಮೇಕರ್ಸ್. ಜಾನ್ ವಾನಮೇಕರ್ ಅನ್ನೋ ವ್ಯಾಪಾರಿ ತನ್ನ ಅಂಗಡಿಗೆ ಕಟ್ಟಿಸಿದ್ದು, ನಕ್ಷೆ ಡೇನಿಯಲ್ ಬರ್ನ್‌ಹ್ಯಾಮ್ ಅವರದು. 1911ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟಾಫ್ಟ್ ಬಂದು ಉದ್ಘಾಟಿಸಿದ್ದರು. ಹೊರಗಿನಿಂದ ನೋಡಿದರೆ ಒಂದು ದೊಡ್ಡ ಕಲ್ಲಿನ ಡಬ್ಬ, ಅಷ್ಟೇ.

ಒಳಗೆ ಅರ್ಧ ಖಾಲಿ. ಒಂದು ಕೈ ಇಲ್ಲದ ಗೊಂಬೆಯ ಕುತ್ತಿಗೆಗೂ ಬೆಲೆಯ ಚೀಟಿ. ತಲೆ ಎತ್ತಿದೆ ನೋಡಿ, ಏಳು ಮಹಡಿ ಎತ್ತರದ ಅಂಗಳ! ಸರಿಯಾಗಿ ಹನ್ನೆರಡಕ್ಕೆ ಆರ್ಗನ್ ಶುರುವಾಯಿತು, ಕೊಳವೆಗಳಿಗೆ ಗಾಳಿ ಊದಿ ನುಡಿಸುವ ದೊಡ್ಡ ವಾದ್ಯ. ಮೊದಲು ಕೇಳಿಸಿದ್ದು ಕಿವಿಗಲ್ಲ, ಪಾದಕ್ಕೆ. ಪಕ್ಕದ ಸ್ಟ್ಯಾಂಡಿನಲ್ಲಿ ಖಾಲಿ ಹ್ಯಾಂಗರ್‌ಗಳು ಸಣ್ಣಗೆ ನಡುಗಿದವು. 28,000ಕ್ಕೂ ಜಾಸ್ತಿ ಕೊಳವೆಗಳಿವೆಯಂತೆ. 1904ರ ಸೇಂಟ್ ಲೂಯಿ ಜಾಗತಿಕ ಮೇಳಕ್ಕೆ ಮಾಡಿದ್ದನ್ನು ವಾನಮೇಕರ್ ಕೊಂಡು ರೈಲಿನಲ್ಲಿ ತರಿಸಿದರು. ಈ ಅಂಗಳಕ್ಕೆ ಅದರ ದನಿ ಸಾಲದು ಅನ್ನಿಸಿ, ಅಂಗಡಿಯಲ್ಲೇ ಕಾರ್ಖಾನೆ ಇಟ್ಟು ಬೆಳೆಸಿದರು. ಚೀಟಿ ಅಂಟಿಸುತ್ತಿದ್ದ ಹೆಂಗಸು ಕೆಲಸ ನಿಲ್ಲಿಸಲಿಲ್ಲ, ಕಾಲು ಮಾತ್ರ ತಾಳ ಹಾಕುತ್ತಿತ್ತು.

ಅಷ್ಟರಲ್ಲಿ ಅಕ್ಕ ನಾಪತ್ತೆ. ನನ್ನ ಫೋನಿನಲ್ಲಿ ಚಾರ್ಜ್ ಇಲ್ಲ. ಬರುವಾಗಲೇ ಅವಳು ಹೇಳಿದ್ದಳು: ಈ ಊರಲ್ಲಿ ತಪ್ಪಿಸಿಕೊಂಡವರೆಲ್ಲ ಸಿಗೋದು ಹದ್ದಿನ ಹತ್ರ. ಅಂಗಳದ ನಡುವೆ ಕೂತಿರುವ ಈ ಕಂಚಿನ ಹದ್ದೂ ಅದೇ ಮೇಳದಿಂದ ಬಂದದ್ದು, ಸಾವಿರ ಕಿಲೋಗೂ ಜಾಸ್ತಿ ಭಾರ. ಹೋಗಿ ನಿಂತೆ. ನನ್ನ ಹಾಗೆ ದಾರಿ ನೋಡುತ್ತಾ ಇನ್ನೂ ಏಳೆಂಟು ಜನ.

ಕಟ್ಟಡಕ್ಕೆ 1978ರಲ್ಲೇ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅನ್ನೋ ಪಟ್ಟ ಸಿಕ್ಕಿದೆ. ಆದರೆ ಬರೀ ಆ ಪಟ್ಟ ಖಾಸಗಿ ಮಾಲೀಕರ ಕೈ ಕಟ್ಟೋದಿಲ್ಲ. ಕೈ ಕಟ್ಟಿದ್ದು ಊರಿನ ಐತಿಹಾಸಿಕ ಆಯೋಗ. 2018ರಲ್ಲಿ ಈ ಒಳಗಿನ ಅಂಗಳವನ್ನೂ ತನ್ನ ಪಟ್ಟಿಗೆ ಸೇರಿಸಿತು. ಹೊರಗೋಡೆ ಉಳಿಸಿ ಹೊಟ್ಟೆ ಬಗೆಯೋದು ಎಲ್ಲ ಕಡೆ ನಡೆಯುತ್ತೆ ಅಲ್ವಾ, ಇಲ್ಲಿ ಅದಕ್ಕೆ ಅಡ್ಡಿ ಇದೆ. ಕಟ್ಟಡ ಈಗ ನ್ಯೂಯಾರ್ಕಿನ ಕಂಪನಿಯೊಂದರದ್ದು, ಮೇಲಿನ ಮಹಡಿಗಳಲ್ಲಿ ಫ್ಲ್ಯಾಟ್ ಮಾಡುವ ಯೋಜನೆ. ಸರಿ, ಖಾಲಿ ಬೀಳೋದಕ್ಕಿಂತ ವಾಸಿ. ಆದರೆ ಏನೂ ಕೊಳ್ಳದೆ ಸುಮ್ನೆ ಒಳಗೆ ಬಂದು ನಿಲ್ಲೋದನ್ನು ಯಾವ ಪಟ್ಟಿಗೆ ಸೇರಿಸ್ತಾರೆ?

ಇಪ್ಪತ್ತು ನಿಮಿಷ ಬಿಟ್ಟು ಅಕ್ಕ ಬಂದಳು. ಕಂಕುಳಲ್ಲಿ ಒಂದು ಕಟ್ಟು ಹ್ಯಾಂಗರ್.

"ಇದಕ್ಕಾ ಇಷ್ಟು ಹೊತ್ತು?"

"ಮರದ್ದು ಕಣೇ, ಗಟ್ಟಿ ಇದೆ."