‘ಎಲ್ಲ ಸರಿಯಾಗೇ ಬಂತು ಸರ್’

ಕೊನೇ ಸೆಮಿಸ್ಟರ್‌ನ ಗಣಿತ ವಿದ್ಯಾರ್ಥಿಗಳಿಗೆ ಪ್ಲೇಸ್‌ಮೆಂಟ್ ಸೆಲ್‌ನವರು ಮಾಕ್ ಇಂಟರ್‌ವ್ಯೂ ಇಟ್ಟಿದ್ದರು. ಪ್ರಶ್ನೆ ಕೇಳಲು ಡೇಟಾ ಅನಲಿಟಿಕ್ಸ್‌ನಲ್ಲಿ ಕೆಲಸ ಮಾಡುವವರೊಬ್ಬರು ಹೊರಗಿನಿಂದ ಬಂದಿದ್ದರು. ಮೂಲೆಯ ಕುರ್ಚಿಯಲ್ಲಿ ಕೂತು ಬರೆದುಕೊಳ್ಳುವುದಷ್ಟೇ ಅವರ ಮೇಷ್ಟ್ರಾದ ನನ್ನ ಕೆಲಸ. ನಡುವೆ ಬಾಯಿ ಹಾಕುವ ಹಾಗಿಲ್ಲ.

ನಮ್ಮ ಬ್ಯಾಚ್‌ನ ಗಟ್ಟಿ ಹುಡುಗಿಯೊಬ್ಬಳು ಒಳಗೆ ಬಂದಳು. ಫೈಲ್ ನೀಟಾಗಿತ್ತು, ಮಾರ್ಕ್ಸ್ ಚೆನ್ನಾಗಿತ್ತು. ಪ್ರಾಜೆಕ್ಟ್ ಬಗ್ಗೆ ಹೇಳಿ ಅಂದರು ಅವರು. “ನ್ಯೂಮರಿಕಲ್ ಮೆಥಡ್ಸ್ ಸರ್. ನ್ಯೂಟನ್–ರಾಫ್ಸನ್” ಅಂದಳು. ಅಲ್ಲಿಗೇ ನಿಲ್ಲಿಸಿದಳು. ಒಂದು ಅಂದಾಜಿನಿಂದ ಶುರು ಮಾಡಿ, ಬೆಲೆಯನ್ನು ಇಳಿಜಾರಿನಿಂದ ಭಾಗಿಸಿ ಕಳೆಯುತ್ತಾ ಸಮೀಕರಣದ ಉತ್ತರದ ಹತ್ತಿರ ಹೋಗುವ ವಿಧಾನ ಅದು.

ಅವರು ಸ್ವಲ್ಪ ಕಾದರು. ಆಮೇಲೆ, “ಅದರಲ್ಲಿ ಏನಾದರೂ ಕೈಕೊಟ್ಟಿತ್ತಾ? ಆಗ ಏನು ಮಾಡಿದಿರಿ?” ಅಂತ ಕೇಳಿದರು.

“ಇಲ್ಲ ಸರ್. ಎಲ್ಲ ಸರಿಯಾಗೇ ಬಂತು.”

ನನ್ನ ಪೆನ್ನು ನಿಂತೇ ಹೋಯಿತು. ಯಾಕೆಂದರೆ ಏನು ಕೈಕೊಟ್ಟಿತ್ತು ಅಂತ ನನಗೆ ಗೊತ್ತು. ಎಕ್ಸ್ ಕ್ಯೂಬ್ ಮೈನಸ್ ಎರಡು ಎಕ್ಸ್ ಪ್ಲಸ್ ಎರಡು, ಇದರ ರೂಟ್, ಅಂದರೆ ಬೆಲೆ ಸೊನ್ನೆಯಾಗುವ ಜಾಗ, ಹುಡುಕಲು ಅವಳು ಸೊನ್ನೆಯಿಂದ ಶುರು ಮಾಡಿದ್ದಳು. ಪ್ರೋಗ್ರಾಂ ನಿಲ್ಲಲೇ ಇಲ್ಲ. ಕೋಡ್‌ನಲ್ಲೇ ತಪ್ಪಿರಬೇಕು ಅಂತ ಸಾಲು ಸಾಲಾಗಿ ನೋಡಿದಳು. ಏನೂ ಸಿಗಲಿಲ್ಲ. ಕೊನೆಗೆ ಕೈಯಲ್ಲೇ ಲೆಕ್ಕ ಮಾಡಿದಳು. ಸೊನ್ನೆಯಲ್ಲಿ ಬೆಲೆ 2, ಇಳಿಜಾರು ಮೈನಸ್ 2, ಹಾಗಾಗಿ ಮುಂದಿನ ಹೆಜ್ಜೆ 1. ಒಂದರಲ್ಲಿ ಬೆಲೆ 1, ಇಳಿಜಾರೂ 1, ಹಾಗಾಗಿ ವಾಪಸ್ ಸೊನ್ನೆಗೆ. ಸೊನ್ನೆ, ಒಂದು, ಸೊನ್ನೆ, ಒಂದು, ಅಲ್ಲಲ್ಲೇ ಸುತ್ತುತ್ತಿತ್ತು. ಆಮೇಲೆ ಗ್ರಾಫ್ ಹಾಕಿದಳು. ರೂಟ್ ಮೈನಸ್ 2 ಮತ್ತು ಮೈನಸ್ 1ರ ನಡುವೆ ಇದೆ ಅಂತ, ಅಂತರವನ್ನು ಅರ್ಧರ್ಧ ಮಾಡುತ್ತಾ ಹುಡುಕುವ ಬೈಸೆಕ್ಷನ್‌ನಿಂದ ಖಾತ್ರಿ ಮಾಡಿಕೊಂಡು ಅಲ್ಲಿಂದ ನ್ಯೂಟನ್ ಓಡಿಸಿದಳು. ನಾಲ್ಕಾರು ಹೆಜ್ಜೆಯಲ್ಲಿ ಉತ್ತರ ಬಂತು. ಇಷ್ಟು ಸುತ್ತಿಗಿಂತ ಜಾಸ್ತಿ ಓಡಬಾರದು ಅಂತ ಪ್ರೋಗ್ರಾಂಗೆ ಒಂದು ಮಿತಿಯನ್ನೂ ಹಾಕಿದಳು.

ಬಂದವರು ಕೇಳಿದ್ದು ಇದನ್ನೇ ಅಲ್ವಾ? ಹೇಳು, ಆ ಸೊನ್ನೆ-ಒಂದರ ಕಥೆ ಹೇಳು ಅಂತ ನನ್ನೊಳಗೆ ಕೂಗಾಡುತ್ತಿತ್ತು. ಅವಳು ಮೇಜು ನೋಡುತ್ತಾ ಕೂತಿದ್ದಳು. ಅವರು ಇನ್ನೊಂದು ದಾರಿಯಲ್ಲಿ ಕೇಳಿ ನೋಡಿದರು: “ಕಷ್ಟ ಅನ್ನಿಸಿದ ಜಾಗ ಯಾವುದು?” “ಥಿಯರಿ ಸರ್” ಅಂದಳು. ಮುಗಿಯಿತು. ಮುಂದಿನವರನ್ನು ಕರೆದರು.

ಹೊರಗೆ ಬಂದ ಮೇಲೆ ಯಾಕಮ್ಮಾ ಹೇಳಲಿಲ್ಲ ಅಂತ ಕೇಳಿದೆ. “ಅದು ರಿಪೋರ್ಟ್‌ನಲ್ಲಿ ಇಲ್ವಲ್ಲ ಸರ್” ಅಂದಳು.

ನಿಜ, ಇರಲಿಲ್ಲ. ನಮ್ಮ ರಿಪೋರ್ಟ್ ಫಾರ್ಮ್ಯಾಟ್ ಏನು? ಉದ್ದೇಶ, ಥಿಯರಿ, ಆಲ್ಗಾರಿದಮ್, ರಿಸಲ್ಟ್, ಕನ್‌ಕ್ಲೂಷನ್. ಸಿಕ್ಕಿಹಾಕಿಕೊಂಡ ಜಾಗಕ್ಕೆ ಅಲ್ಲಿ ಹೆಡಿಂಗೇ ಇಲ್ಲ. ಗಣಿತದಲ್ಲಿ ಮೊದಲ ವರ್ಷದಿಂದಲೂ ಕಲಿಸುವುದು ಹಾಗೇ. ರಫ್ ವರ್ಕ್ ಹೊಡೆದು ಹಾಕಿ, ಫೇರ್ ಕಾಪಿ ಕೊಡಿ. ಪ್ರೂಫ್ ಅಂದರೆ ಮೊದಲ ಸಾಲಿನಿಂದ ಕೊನೇ ಸಾಲಿನವರೆಗೆ ಎಲ್ಲೂ ಎಡವದೆ ಹೋಗಬೇಕು. ಪ್ರೂಫ್‌ಗೆ ಅದು ಸರಿಯೇ. ಆದರೆ ಇಂಟರ್‌ವ್ಯೂನಲ್ಲಿ ಕೇಳುವುದು ಆ ಹೊಡೆದು ಹಾಕಿದ ಪುಟವನ್ನು. ಏನು ಸಮಸ್ಯೆ ಬಂತು, ನಿಮ್ಮ ಪಾಲಿನ ಕೆಲಸ ಏನಿತ್ತು, ಏನು ಮಾಡಿದಿರಿ, ಕೊನೆಗೆ ಏನಾಯಿತು. ಎಲ್ಲ ಕಡೆ ಸುತ್ತಿ ಬಳಸಿ ಇದೇ ನಾಲ್ಕು ಪ್ರಶ್ನೆ. ನಮ್ಮ ಮಕ್ಕಳ ಹತ್ತಿರ ಉತ್ತರ ಇರುತ್ತದೆ. ಅದನ್ನು ಅಳಿಸಿ ಹಾಕಿದರೆ ಮಾರ್ಕ್ಸ್ ಬರುತ್ತದೆ ಅಂತ ಕೋರ್ಸ್‌ವರ್ಕ್ ಅವರಿಗೆ ಹೇಳಿಕೊಟ್ಟಿರುತ್ತದೆ.

ಆ ದಿನದ ಫೀಡ್‌ಬ್ಯಾಕ್ ಮೇಲಿನವರಿಗೆ ಹೋಯಿತು. ವಿದ್ಯಾರ್ಥಿಗಳಿಗೆ ಕಾನ್ಫಿಡೆನ್ಸ್ ಕಮ್ಮಿ, ಸಾಫ್ಟ್ ಸ್ಕಿಲ್ಸ್ ವರ್ಕ್‌ಶಾಪ್ ಇಡೋಣ ಅಂತ ತೀರ್ಮಾನವಾಯಿತು. ವರ್ಕ್‌ಶಾಪ್ ಆಯಿತು. ರೆಸ್ಯೂಮೆ ಟೆಂಪ್ಲೇಟ್ ಕೊಟ್ಟರು, ಹೇಗೆ ಕೂರಬೇಕು ಅಂತ ಹೇಳಿದರು. ಆಮೇಲೆ ಬಂದ ರೆಸ್ಯೂಮೆಗಳನ್ನು ನೋಡಿದರೆ ಎಲ್ಲರದ್ದೂ ಒಂದೇ. ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್, ಗುಡ್ ಪ್ರಾಬ್ಲಮ್ ಸಾಲ್ವಿಂಗ್ ಸ್ಕಿಲ್ಸ್. ಹೆಸರು ಮುಚ್ಚಿದರೆ ಯಾರದ್ದು ಅಂತ ಗೊತ್ತಾಗುವುದಿಲ್ಲ. ಗಣಿತ ಓದಿದವರು ಅನ್ನುವುದೂ ಗೊತ್ತಾಗುವುದಿಲ್ಲ. ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಮೂರ್ನಾಲ್ಕು ವರ್ಷ ನಮ್ಮ ಕೈಯಲ್ಲಿದ್ದ ಮಕ್ಕಳ ವಿಷಯವನ್ನು ಕೊನೇ ಸೆಮಿಸ್ಟರ್‌ನ ಒಂದು ಮಧ್ಯಾಹ್ನಕ್ಕೆ ತಳ್ಳಿಬಿಟ್ಟೆವಲ್ಲ!

ಹಾಗಾಗಿ ಮಾಡಿದ ಕೆಲಸವನ್ನು ಬಿಡಿಸಿ ಹೇಳುವ ಅಭ್ಯಾಸವನ್ನು ಎರಡನೇ ವರ್ಷದ ಇಂಟರ್ನಲ್ಸ್‌ನಲ್ಲೇ ತರೋಣ ಅಂತ ನಾನು ಮತ್ತು ಸ್ಟ್ಯಾಟಿಸ್ಟಿಕ್ಸ್ ಮೇಡಂ ಪಟ್ಟು ಹಿಡಿದೆವು. ವಿಭಾಗದ ಮೀಟಿಂಗ್‌ನಲ್ಲಿ ಹಿರಿಯರೊಬ್ಬರು, “ಇದು ಗಣಿತವೇನ್ರೀ? ಸಿಲಬಸ್ ಮುಗಿಸೋಕೇ ಟೈಮ್ ಇಲ್ಲ” ಅಂದರು. ಸಿಲಬಸ್‌ಗೆ ಹೊಸದಾಗಿ ಏನೂ ಸೇರಿಸುವುದಿಲ್ಲ, ಈಗಿರುವ ಪ್ರಾಜೆಕ್ಟ್‌ಗಳಲ್ಲೇ ಕೇಳುವ ರೀತಿ ಬದಲಾಯಿಸುತ್ತೇವೆ ಅಂದೆವು. ಅರೆಮನಸ್ಸಿನಿಂದ ಒಪ್ಪಿದರು.

ಮೊದಲ ಬದಲಾವಣೆ ಚಿಕ್ಕದು. ರಿಪೋರ್ಟ್‌ನಲ್ಲಿ ‘ಎಲ್ಲಿ ಸಿಕ್ಕಿಹಾಕಿಕೊಂಡಿರಿ’ ಅಂತ ಒಂದು ಪುಟ, ಅದಕ್ಕೆ ಮಾರ್ಕ್ಸ್. ಮಾರ್ಕ್ಸ್ ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಗ್ರೂಪ್ ಪ್ರಾಜೆಕ್ಟ್ ಆದರೆ ‘ನಾವು ಮಾಡಿದೆವು’ ಅಂತ ಬರೆಯುವ ಹಾಗಿಲ್ಲ. ಡೇಟಾ ಕ್ಲೀನ್ ಮಾಡಿದ್ದು ಯಾರು, ಕೋಡ್ ಯಾರದ್ದು, ತಪ್ಪು ಹಿಡಿದಿದ್ದು ಯಾರು, ಹೆಸರು ಹಾಕಬೇಕು.

ಇನ್ನೊಂದು ಅಸೈನ್‌ಮೆಂಟ್ ಸ್ಟ್ಯಾಟಿಸ್ಟಿಕ್ಸ್ ಮೇಡಂದು, ನನಗೆ ತುಂಬಾ ಇಷ್ಟ. ನೂರರಲ್ಲಿ ಒಬ್ಬರಿಗೆ ಇರುವ ಕಾಯಿಲೆ. ಕಾಯಿಲೆ ಇದ್ದವರಿಗೂ ಇಲ್ಲದವರಿಗೂ ಟೆಸ್ಟ್ ಶೇ 99 ಸರಿ ಹೇಳುತ್ತದೆ. ಪಾಸಿಟಿವ್ ಬಂದವರಿಗೆ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಬೇಯ್ಸ್ ಸೂತ್ರ ಹಾಕಿ ಅರ್ಧ ಅಂತ ಎಲ್ಲರೂ ತೆಗೆಯುತ್ತಾರೆ. ಅದನ್ನು ಗಣಿತ ಓದದ ಮ್ಯಾನೇಜರ್‌ಗೆ ಒಂದು ಪುಟದಲ್ಲಿ, ಸೂತ್ರ ಇಲ್ಲದೆ ಹೇಳಬೇಕು. ಮೊದಲ ಸಲ ಬಂದ ಪುಟಗಳಲ್ಲಿ ‘ಕಂಡೀಷನಲ್ ಪ್ರಾಬಬಿಲಿಟಿಯ ಪ್ರಕಾರ’ ಅಂತಲೇ ಶುರು. ವಾಪಸ್ ಕೊಟ್ಟೆವು. ಆಮೇಲೆ ಒಬ್ಬ ಹುಡುಗ ಹೀಗೆ ಬರೆದ: ಹತ್ತು ಸಾವಿರ ಜನ ಅಂದುಕೊಳ್ಳಿ. ನೂರು ಜನಕ್ಕೆ ಕಾಯಿಲೆ ಇದೆ, ಅವರಲ್ಲಿ 99 ಜನಕ್ಕೆ ಪಾಸಿಟಿವ್ ಬರುತ್ತದೆ. ಉಳಿದ 9,900 ಜನಕ್ಕೆ ಕಾಯಿಲೆ ಇಲ್ಲ, ಆದರೂ ಅವರಲ್ಲಿ 99 ಜನಕ್ಕೆ ಸುಮ್ನೆ ಪಾಸಿಟಿವ್ ಬರುತ್ತದೆ. ಎರಡು ಗುಂಪೂ ಸಮ. ಇಷ್ಟೇ. ಇದನ್ನು ಓದಿದ ಯಾವ ಮ್ಯಾನೇಜರ್‌ಗೂ ಅರ್ಥವಾಗುತ್ತದೆ. ಹೀಗೆ ಬರೆಯಲು ಸೂತ್ರ ಹಾಕುವುದಕ್ಕಿಂತ ಜಾಸ್ತಿ ಗಣಿತ ಗೊತ್ತಿರಬೇಕು ಅಂತ ಆ ಹಿರಿಯರೂ ಒಪ್ಪಿಕೊಂಡರು.

ಮೂರನೆಯದು ನಿಜವಾದ ಕೆಲಸದ ಜಾಹೀರಾತು. ಪ್ರತಿಯೊಬ್ಬರೂ ಒಂದನ್ನು ಹುಡುಕಿ ತರಬೇಕು. ಅದರಲ್ಲಿ ಕೇಳಿರುವುದನ್ನೆಲ್ಲ ಎಡಗಡೆ ಬರೆದು, ಬಲಗಡೆ ತಮ್ಮ ಕೋರ್ಸ್‌ವರ್ಕ್‌ನಿಂದ ಪುರಾವೆ ಕೊಡಬೇಕು. ಬರೀ ವಿಷಯದ ಹೆಸರು ಸಾಲದು. ‘ಡೇಟಾ ಜೊತೆ ಕೆಲಸ ಮಾಡಿದ ಅನುಭವ’ ಅನ್ನುವುದರ ಮುಂದೆ ಒಬ್ಬ ‘ಇಲ್ಲ’ ಅಂತ ಬರೆದಿದ್ದ. ಲೀನಿಯರ್ ಆಲ್ಜೀಬ್ರಾ ಲ್ಯಾಬ್‌ನಲ್ಲಿ ಕಾಲೇಜಿನ ವೆಬ್ ಪುಟಗಳ ಲಿಂಕ್‌ಗಳನ್ನೆಲ್ಲ ಮ್ಯಾಟ್ರಿಕ್ಸ್‌ಗೆ ಹಾಕಿ, ಐಗನ್‌ವೆಕ್ಟರ್ ತೆಗೆದು, ಯಾವ ಪುಟ ಮುಖ್ಯ ಅಂತ ರ‍್ಯಾಂಕ್ ಕೊಟ್ಟವನು ಅವನೇ! 1998ರಲ್ಲಿ ಬ್ರಿನ್ ಮತ್ತು ಪೇಜ್ ಪ್ರಕಟಿಸಿದ ಪೇಜ್‌ರ‍್ಯಾಂಕ್‌ನ ಮೂಲ ಲೆಕ್ಕ ಅದು, ಗೂಗಲ್ ಶುರುವಾಗಿದ್ದು ಅದರ ಮೇಲೆ. ಪಕ್ಕದಲ್ಲಿ ಕೂರಿಸಿಕೊಂಡು, ಡೂಪ್ಲಿಕೇಟ್ ಲಿಂಕ್ ಏನು ಮಾಡಿದೆ, ಎಲ್ಲಿಗೂ ಲಿಂಕ್ ಇಲ್ಲದ ಪುಟ ಬಂದಾಗ ಏನು ಮಾಡಿದೆ ಅಂತ ಒಂದೊಂದೇ ಕೇಳಿದೆ. ಅವನು ಹೇಳಿದ್ದನ್ನೇ ಬರೆಸಿದೆ. ‘ಇಲ್ಲ’ ಇದ್ದ ಜಾಗದಲ್ಲಿ ಐದು ಸಾಲು ಬಂತು.

ಆನ್‌ಲೈನ್ ಆಪ್ಟಿಟ್ಯೂಡ್ ಟೆಸ್ಟ್‌ನ ಬಗ್ಗೆಯೂ ಒಂದು ಮಾತು. ಗಣಿತದವರಿಗೆ ಅದು ಸಲೀಸು ಅಂತ ನಂಬಿದ್ದಾರೆ. ಖಂಡಿತ ಹಾಗಿಲ್ಲ. ಶೇ 40 ಇದ್ದದ್ದು 50 ಆದರೆ ಏರಿಕೆ ಎಷ್ಟು? ಹತ್ತು ಶೇಕಡಾವಾರು ಅಂಶ, ಆದರೆ ಶೇ 25 ಹೆಚ್ಚಳ. ಪ್ರೂಫ್ ಬರೆಯುವ ಮಕ್ಕಳು ಗಡಿಯಾರ ಓಡುವಾಗ ಇಲ್ಲಿ ತಡವರಿಸುತ್ತಾರೆ. ಅಂದಾಜಲ್ಲಿ ಉತ್ತರ ಹೇಳುವ ಅಭ್ಯಾಸವೇ ಅವರಿಗಿಲ್ಲ. ಟ್ಯುಟೋರಿಯಲ್‌ನ ಶುರುವಿನಲ್ಲಿ ಇಂಥ ಒಂದೆರಡು ಲೆಕ್ಕ ಕೊಟ್ಟರೆ ಸಾಕು.

ಉಳಿದಿರುವ ಸಮಸ್ಯೆ ತಿದ್ದುವ ಹೊರೆ. ಪ್ರೂಫ್ ತಿದ್ದುವಷ್ಟು ಬೇಗ ಒಂದು ಪುಟದ ವಿವರಣೆ ತಿದ್ದಲು ಆಗುವುದಿಲ್ಲ. ವಾಪಸ್ ಕೊಟ್ಟು ಮತ್ತೆ ತರಿಸಿಕೊಳ್ಳಬೇಕು, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಬೇಕು. ಇದಕ್ಕೆ ವರ್ಕ್‌ಲೋಡ್‌ನಲ್ಲಿ ಒಂದು ಗಂಟೆಯೂ ಇಲ್ಲ. ವರ್ಕ್‌ಶಾಪ್‌ಗೆ ದುಡ್ಡು ಸಿಗುತ್ತದೆ, ಇದಕ್ಕೆ ಸಮಯ ಸಿಗುವುದಿಲ್ಲ. ಗಂಟೆ ಕೊಡಿ ಅಂತ ನಾವಿಬ್ಬರೂ ಸಹಿ ಹಾಕಿ ಬರೆದುಕೊಟ್ಟಿದ್ದೇವೆ. ಉತ್ತರ ಬರಲಿ, ಬಿಡಲಿ, ಮುಂದಿನ ಸೆಮಿಸ್ಟರ್‌ಗೆ ಮೂರೂ ಅಸೈನ್‌ಮೆಂಟ್ ಟೈಮ್‌ಟೇಬಲ್‌ನಲ್ಲಿವೆ.