ಡ್ರೋನ್ ಹಿಡಿಯುವ ಬಲೆ

ಕಾರವಾರದ ಬೈತಖೋಲ ಬಂದರಿನಲ್ಲಿ ಹರಿದ ಪರ್ಸಿನ್ ಬಲೆಗಳ ರಾಶಿ ಕಂಡಾಗಲೆಲ್ಲ ಈಚೆಗೆ ನನಗೆ ಉಕ್ರೇನ್ ನೆನಪಾಗುತ್ತದೆ. ಫ್ರಾನ್ಸಿನ ಬ್ರಿಟನಿ ಕರಾವಳಿಯ ಮೀನುಗಾರರ ಹಳೆಯ ಬಲೆಗಳು ಅಲ್ಲಿಗೆ ಹೋಗಿವೆ. ಅವನ್ನು ರಸ್ತೆಗಳ ಮೇಲೆ ಚಪ್ಪರದಂತೆ ಕಟ್ಟುತ್ತಾರೆ. ಸ್ಫೋಟಕ ಹೊತ್ತು ಬರುವ ಡ್ರೋನ್‌ಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ.

ರೇಡಿಯೊ ಸಂಕೇತವನ್ನು ಜಾಮ್ ಮಾಡಿದರೆ ಡ್ರೋನ್ ದಿಕ್ಕು ತಪ್ಪುತ್ತದೆ ಎಂಬ ಲೆಕ್ಕ ಈಗ ಪೂರ್ತಿ ಸಾಲುವುದಿಲ್ಲ. ಕೆಲವು ಡ್ರೋನ್‌ಗಳು ಆಪ್ಟಿಕಲ್ ಫೈಬರ್ ಎಳೆಯನ್ನು ಬಿಚ್ಚುತ್ತ ಹಾರುತ್ತವೆ; ಆದೇಶ ಆ ಎಳೆಯಲ್ಲೇ ಬರುವುದರಿಂದ ಜಾಮ್ ತಟ್ಟದು. ಇನ್ನು ಕೆಲವು, ಸಂಪರ್ಕ ಕಡಿದರೂ ಕ್ಯಾಮೆರಾ ಗುರುತಿಸಿದ ಗುರಿಯನ್ನು ತಾವೇ ಬೆನ್ನಟ್ಟುತ್ತವೆ. ನನಗೆ ಹೆದರಿಕೆ ಈ ಎರಡನೆಯ ಜಾತಿಯದ್ದು.

ತಾನೇ ಗುರಿ ಹುಡುಕುವ ಅಸ್ತ್ರ ಹೊಸದೇನಲ್ಲ, ಬಿಡಿ. ನಮ್ಮ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಾಪೆಲ್ ಯುದ್ಧನೌಕೆಯ ಕ್ಷಿಪಣಿಗಳೂ ಕೊನೆಯ ಹಂತದಲ್ಲಿ ಸ್ವಂತ ರೇಡಾರ್ ನಂಬಿ ಸಾಗುವಂಥವೇ. ಆದರೆ ಅವು ಹುಡುಕುತ್ತಿದ್ದುದು ಸಮುದ್ರದ ಮೇಲಿನ ಹಡಗನ್ನು. (ಅಲ್ಲಿಯೂ ಮೀನುದೋಣಿಗೆ ಖಾತರಿ ಇರಲಿಲ್ಲ.) ಪೇಟೆಯ ರಸ್ತೆಯಲ್ಲಿ ಸೈನಿಕ ಯಾರು, ಬುಟ್ಟಿ ಹೊತ್ತು ಹೋಗುವವರು ಯಾರು ಎಂದು ಯಂತ್ರಕ್ಕೆ ಹೇಳುವವರು ಯಾರು? ತಪ್ಪಾದರೆ ಕಟಕಟೆಯಲ್ಲಿ ನಿಲ್ಲುವವರು ಯಾರು?

ಇಂಥ ಅಸ್ತ್ರಗಳ ಕುರಿತು ದೇಶಗಳ ಅಭಿಪ್ರಾಯ ಕೇಳಿ ವರದಿ ಕೊಡಿ ಎಂದು 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ ನಿರ್ಣಯಕ್ಕೆ 152 ದೇಶಗಳು ಪರ, 4 ವಿರುದ್ಧ. ಆ ನಾಲ್ಕರಲ್ಲಿ ಭಾರತವೂ ಒಂದು. ಸಾಂಪ್ರದಾಯಿಕ ಅಸ್ತ್ರಗಳ ಒಪ್ಪಂದದ ಅಡಿ ಜಿನೀವಾದಲ್ಲಿ ಇದೇ ಚರ್ಚೆ ನಡೆಯುತ್ತಿರುವಾಗ ಇನ್ನೊಂದು ವೇದಿಕೆ ಏಕೆ ಎಂಬುದು ನಮ್ಮ ವಾದ. ಜಿನೀವಾದ ಮಾತು 2014ರಿಂದ ನಡೆಯುತ್ತಲೇ ಇದೆ, ಸರ್ವಸಮ್ಮತಿ ಇಲ್ಲದೆ ಅಲ್ಲಿ ಏನೂ ಮುಂದೆ ಸಾಗದು. ಈ ವಾದವನ್ನು ಒಪ್ಪುವುದು ನನಗಂತೂ ಕಷ್ಟ.