ಹೆಸರು ಒಂದೇ, ವ್ಯಾಟ್ ಬೇರೆ

ತಮ್ಮನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಲು ಅಪ್ಪ ಒಪ್ಪಿದ್ದು 2024ರಲ್ಲಿ, ಕೊಬ್ಬರಿ ದುಡ್ಡು ಕೈಗೆ ಬಂದ ಮೇಲೆ. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ನಮ್ಮ ಬಜೆಟ್ 78,000. ಅಂದರೆ ಆರೂವರೆ ಕ್ವಿಂಟಲ್ ಕೊಬ್ಬರಿ. ತಿಪಟೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ, ಒಳಗಿನ ನೀರೆಲ್ಲ ಆರಿ ಕೊಬ್ಬರಿಯಾಗಲು ವರ್ಷದ ಹತ್ತಿರ ಬೇಕು. ಆಮೇಲೆ ಸುಲಿಸಬೇಕು, ಉಂಡೆ ಒಡೆಯದ ಹಾಗೆ ಚಿಪ್ಪು ತೆಗೆಸಬೇಕು. ಹೀಗೆ ಬಂದ ದುಡ್ಡನ್ನು ಲ್ಯಾಪ್‌ಟಾಪಿನ ಹೊರಗೆ ಅಂಟಿಸಿದ ಸ್ಟಿಕರ್ ನೋಡಿ ಕೊಡೋಕಾಗುತ್ತಾ?

"ಆಟ ಆಡೋಕೇನಮ್ಮ?" ಅಂತ ಅಪ್ಪ ನನ್ನನ್ನು ಕೇಳಿದ್ದರು. ಪ್ರಾಜೆಕ್ಟಿಗೆ, ಕೋಡಿಂಗಿಗೆ ಅಂತ ಸುತ್ತಿ ಬಳಸಿ ಹೇಳಬಹುದಿತ್ತು. ಹೇಳಲಿಲ್ಲ. "ಹೌದಪ್ಪ, ಆಟಕ್ಕೇ. ಓದೋಕೂ ಆಗುತ್ತೆ. ಆದ್ರೆ ಬರೀ ಓದೋಕಾದ್ರೆ 40 ಸಾವಿರದ್ದು ಸಾಕಿತ್ತು" ಅಂದೆ. ಅವನು ತುಮಕೂರಿನಲ್ಲಿ ಎರಡನೇ ವರ್ಷದ ಇಂಜಿನಿಯರಿಂಗ್ ಹುಡುಗ. ಅಲ್ಲಿಯವರೆಗೆ ಸ್ನೇಹಿತರ ರೂಮಿನಲ್ಲಿ ಅವರಿವರ ಲ್ಯಾಪ್‌ಟಾಪಿಗೆ ಸರದಿ ಕಾಯುತ್ತಿದ್ದ. ಆಟ ಅಂದರೆ ಅವನಿಗೆ ಪ್ರಾಣ. ಇಷ್ಟ ಅನ್ನೋದೂ ಒಂದು ಕಾರಣವೇ ಅಲ್ವಾ? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ತಗೊಳ್ಳೋದಾದ್ರೆ ಒಳ್ಳೇದೇ ತಗೊಳ್ಳಿ" ಅಂದರು. ಶನಿವಾರ ತಿಪಟೂರಿನಿಂದ ರೈಲು ಹತ್ತಿ ತಾವೇ ತುಮಕೂರಿಗೆ ಬಂದರು.

ಮೊದಲು ಹೋದದ್ದು ಬಿ.ಎಚ್. ರಸ್ತೆಯ ಒಂದು ಅಂಗಡಿಗೆ. ಸೇಲ್ಸ್ ಹುಡುಗ ನೇರವಾಗಿ ಒಂದರ ಮುಂದೆ ಕರೆದುಕೊಂಡು ಹೋದ. "ಮೇಡಂ, ಗೇಮಿಂಗ್ ಅಂದ್ರೆ ಇದೇ ನೋಡಿ. ಐ7 ಪ್ರೊಸೆಸರ್, 1 ಟಿಬಿ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್." ಗ್ರಾಫಿಕ್ಸ್ ಚಿಪ್, ಅಂದರೆ ಆಟದ ಚಿತ್ರ ಮೂಡಿಸುವ ಚಿಪ್, ಯಾವುದು ಅಂದೆ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050, ಅದೂ 4 ಜಿಬಿ ಮೆಮೊರಿಯದು. ಬೆಲೆ ನಮ್ಮ ಬಜೆಟ್ಟಿಗೆ ಸರಿಯಾಗಿ ಕೂರುತ್ತಿತ್ತು.

ನಾನೂ ತಮ್ಮನೂ ರಾತ್ರಿ ಕೂತು ಲೆಕ್ಕ ಹಾಕಿಟ್ಟಿದ್ದು ಇಲ್ಲೇ ಕೆಲಸಕ್ಕೆ ಬಂತು. ಲ್ಯಾಪ್‌ಟಾಪಿನಲ್ಲಿ ಆಮೇಲೆ ಹಾಕಿಸಿಕೊಳ್ಳಬಹುದಾದ್ದು ಯಾವುದು, ಹುಟ್ಟಿದಾಗ ಬಂದದ್ದೇ ಕೊನೆಯವರೆಗೂ ಯಾವುದು? ಈ ಮಾದರಿಯ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮಿಗೆ ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತವೆ. ಫೈಲು, ಆಟಗಳನ್ನೆಲ್ಲ ಇಟ್ಟುಕೊಳ್ಳುವ ಎಸ್‌ಎಸ್‌ಡಿಯನ್ನೂ ದೊಡ್ಡದು ಮಾಡಿಸಬಹುದು. ಗ್ರಾಫಿಕ್ಸ್ ಚಿಪ್ ಮಾತ್ರ ಬೋರ್ಡಿಗೇ ಬೆಸೆದಿರುತ್ತದೆ. ಪ್ರೊಸೆಸರ್ ಕೂಡ ಅಷ್ಟೇ. ಹಾಗಿದ್ದ ಮೇಲೆ ಕೈಯಲ್ಲಿರುವ ದುಡ್ಡು ಮೊದಲು ಹೋಗಬೇಕಾದ್ದು ಬದಲಾಯಿಸಲಾಗದ್ದಕ್ಕೆ. 1 ಟಿಬಿ, ಐ7 ಅನ್ನೋ ಮಾತು ಕೇಳೋಕೆ ಚೆನ್ನ. ಆದರೆ ಹೊಸ ಆಟಗಳು ಗ್ರಾಫಿಕ್ಸ್ ಚಿಪ್ಪಿನ 4 ಜಿಬಿ ಮೆಮೊರಿಯನ್ನು ಬೇಗ ತುಂಬಿಬಿಡುತ್ತವೆ. ಆಗ ಚಿತ್ರದ ಗುಣಮಟ್ಟ ಇಳಿಸಬೇಕು, ಇಲ್ಲ ಅಂದರೆ ಆಟ ತಡವರಿಸುತ್ತದೆ. ಐ7 ಇದ್ದರೂ ಅಷ್ಟೇ.

ನಮಗೆ ಬೇಕಿದ್ದದ್ದು ಆರ್‌ಟಿಎಕ್ಸ್ 4050. ಅದರಲ್ಲಿ 6 ಜಿಬಿ ಮೆಮೊರಿ. 8 ಜಿಬಿಯ 4060 ಇನ್ನೂ ಚೆನ್ನಾಗಿರುತ್ತಿತ್ತು, ಆದರೆ ಅದರ ಬೆಲೆ ಆಗ ಲಕ್ಷದ ಹತ್ತಿರ ಇತ್ತು. ಅದರ ಆಸೆ ಬಿಟ್ಟಿದ್ದೆವು.

ಮುಂದಿನ ಅಂಗಡಿಯಲ್ಲಿ 4050 ಇರುವ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕದಲ್ಲೇ ಇದ್ದವು. ಬೆಲೆಯಲ್ಲಿ ಎರಡು ಸಾವಿರದ ವ್ಯತ್ಯಾಸ. ಒಂದು ತೆಳ್ಳಗೆ, ನೋಡೋಕೆ ಲಕ್ಷಣವಾಗಿತ್ತು. ಇನ್ನೊಂದು ದಪ್ಪ, ಹಿಂದುಗಡೆ ಗಾಳಿ ಹೋಗಲು ದೊಡ್ಡ ಕಿಂಡಿಗಳು. ಅಂಗಡಿಯವರು ವಯಸ್ಸಾದವರು. "ಆನ್ ಮಾಡಿ ನೋಡ್ಕೊಳ್ಳಿ, ಅದಕ್ಕೇನು" ಅಂದರು. ಮೊದಲನೆಯ ಅಂಗಡಿಯಲ್ಲಿ ಮುಟ್ಟಲೂ ಬಿಟ್ಟಿರಲಿಲ್ಲ. ನನಗೆ ಇವರ ಮೇಲೆ ಆಗಲೇ ವಿಶ್ವಾಸ ಬಂತು.

ನನ್ನ ತಮ್ಮ ಪರದೆಯ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದ. ಅದರೊಳಗೆ ಸಿಸ್ಟಂ ಇನ್ಫರ್ಮೇಶನ್ ಅಂತ ಒಂದು ಕಡೆ ಇದೆ. ಅಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅನ್ನೋ ಸಾಲು. ತೆಳ್ಳಗಿನದರಲ್ಲಿ 60 ವ್ಯಾಟ್. ದಪ್ಪದ್ದರಲ್ಲಿ 95.

"ಎರಡೂ ಒಂದೇ ಅಂದ್ರಲ್ಲ?" ಅಂದರು ಅಪ್ಪ.

"ಚಿಪ್ ಒಂದೇ ಅಪ್ಪ. ಲ್ಯಾಪ್‌ಟಾಪ್ ಮಾಡೋ ಕಂಪನಿಯವರು ಅದಕ್ಕೆ ಎಷ್ಟು ಕರೆಂಟ್ ಬಿಡ್ತಾರೆ ಅನ್ನೋದು ಬೇರೆ. ತೆಳ್ಳಗಿದ್ರೆ ಬಿಸಿ ಹೊರಗೆ ಹೋಗಲ್ಲ, ಅದಕ್ಕೆ ಕಡಿಮೆ ಬಿಡ್ತಾರೆ" ಅಂದ ತಮ್ಮ.

"ಅಂದ್ರೆ ಮೋಟಾರು ಐದು ಎಚ್‌ಪಿದೇ, ಲೈನಲ್ಲಿ ವೋಲ್ಟೇಜ್ ಇಲ್ಲ ಅನ್ನು."

ಇಷ್ಟು ಸರಿಯಾಗಿ ನನಗಂತೂ ಹೇಳೋಕೆ ಬರುತ್ತಿರಲಿಲ್ಲ. ಲ್ಯಾಪ್‌ಟಾಪಿನ 4050ಗೆ ಎನ್‌ವಿಡಿಯಾ ಇಟ್ಟಿರುವ ಮಿತಿಯೇ 35ರಿಂದ 115 ವ್ಯಾಟ್. ಅಷ್ಟು ಅಂತರವಿದ್ದರೂ ಹೊರಗೆ ಅಂಟಿಸುವ ಸ್ಟಿಕರ್ ಒಂದೇ. ಜಾಸ್ತಿ ವ್ಯಾಟ್ ಅಂದರೆ ಅಷ್ಟೇ ಪಾಲು ಜಾಸ್ತಿ ವೇಗ ಅಂತಲ್ಲ. ಮೇಲೆ ಹೋದಂತೆ ಲಾಭ ಕಡಿಮೆಯಾಗುತ್ತದೆ. ಆದರೆ 60ಕ್ಕೂ 95ಕ್ಕೂ ಇರುವ ವ್ಯತ್ಯಾಸ ಆಟ ಆಡುವವನಿಗೆ ಗೊತ್ತಾಗುತ್ತದೆ. ಇದನ್ನು ಪೆಟ್ಟಿಗೆಯ ಮೇಲೆ, ಬೆಲೆ ಚೀಟಿಯ ಮೇಲೆ ದೊಡ್ಡದಾಗಿ ಬರೆಯಬೇಕು. ಹೆಚ್ಚಿನವರು ಬರೆಯುವುದಿಲ್ಲ. ದುಡ್ಡು ಕೊಡುವವರು ಕೇಳದೆ ಇದ್ದರೆ ತಿಳಿಯುವುದೇ ಇಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ಪರದೆಯದ್ದೂ ಹೀಗೇ. ಎರಡರಲ್ಲೂ 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು. ಮನೆಯ ಪೂಜೆಯಲ್ಲಿ ತೆಗೆದ ಅಮ್ಮನ ಫೋಟೋ ನನ್ನ ಮೊಬೈಲಿನಲ್ಲಿತ್ತು, ಕುಂಕುಮ ಕೆಂಪು ಸೀರೆಯದ್ದು. ಅದನ್ನೇ ಎರಡರಲ್ಲೂ ತೆರೆದೆವು. ತೆಳ್ಳಗಿನದರಲ್ಲಿ ಸೀರೆ ಮಾಸಿದ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಎಷ್ಟು ಬಣ್ಣ ತೋರಿಸಬಲ್ಲದು ಅನ್ನೋ ಅಳತೆಯಲ್ಲಿ ಅದು 45% ಎನ್‌ಟಿಎಸ್‌ಸಿ ಪರದೆ, ಮೊಬೈಲಿನಲ್ಲಿ ಕಾಣುವ ಬಣ್ಣಗಳಲ್ಲಿ ಎಷ್ಟೋ ಅದಕ್ಕೆ ಬರುವುದೇ ಇಲ್ಲ. ಇನ್ನೊಂದರದು 100% ಎಸ್‌ಆರ್‌ಜಿಬಿ, ಇದೂ ಬಣ್ಣದ ಅಳತೆಯೇ, ಆದರೆ ಅದಕ್ಕಿಂತ ಹೆಚ್ಚು ಬಣ್ಣ ತೋರಿಸುವಂಥದ್ದು. ಅಲ್ಲಿ ಸೀರೆ ಸೀರೆಯ ಬಣ್ಣದಲ್ಲೇ ಇತ್ತು. ಅಂಗಡಿಯವರೂ ಬಗ್ಗಿ ನೋಡಿದರು.

ದಪ್ಪದ್ದರಲ್ಲಿ ಕೊರತೆ ಇರಲಿಲ್ಲ ಅಂತಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ನೋಡಿದರೆ 8 ಜಿಬಿ, ಎರಡು ಸ್ಲಾಟಿನಲ್ಲಿ ಒಂದು ಮಾತ್ರ ತುಂಬಿತ್ತು. ಒಂದೇ ರ‍್ಯಾಮ್ ಇದ್ದರೆ ಪ್ರೊಸೆಸರಿಗೆ ಮಾಹಿತಿ ಹೋಗುವ ದಾರಿ ಅರ್ಧದಷ್ಟೇ ಅಗಲವಿರುತ್ತದೆ, ಆಟದಲ್ಲಿ ಅದು ಕಾಣುತ್ತದೆ. ಆದರೆ ಇದು ಆಮೇಲೆ ಹಾಕಿಸಿಕೊಳ್ಳಬಹುದಾದ ಕೊರತೆ. ರ‍್ಯಾಮ್ ಹಾಕಿಸಿದರೆ ವಾರಂಟಿ ಹೋಗುತ್ತದಾ ಅಂತ ಕೇಳಿದೆ. ಅವರು ಎದುರಿಗೇ ಕಂಪನಿಗೆ ಫೋನ್ ಮಾಡಿ, ಹೋಗುವುದಿಲ್ಲ ಅಂತ ಖಾತ್ರಿ ಮಾಡಿಕೊಟ್ಟರು.

ಪ್ರೊಸೆಸರ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಐ5 ಸಾಕಾಗಿತ್ತು. ಆದರೆ ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರ್ ನೋಡುವವರಿಗೆ ಒಂದು ತಿಳಿದಿರಲಿ. 7000 ಸರಣಿಯ ಹೆಸರಿನಲ್ಲಿ ಮೂರನೇ ಅಂಕಿ ಒಳಗಿನ ವಿನ್ಯಾಸ ಯಾವ ಕಾಲದ್ದು ಅಂತ ಹೇಳುತ್ತದೆ. 7535ರಲ್ಲಿ 3 ಇದೆ, ಅದು ಹಳೆಯದು. 7640ರಲ್ಲಿ 4, ಅದು ಹೊಸದು. ಎರಡೂ 7ರಿಂದ ಶುರುವಾಗುವುದರಿಂದ ಎರಡೂ ಹೊಸದು ಅನ್ನಿಸಿಬಿಡುತ್ತದೆ.

ಆನ್‌ಲೈನಿನಲ್ಲಿ ಅದೇ ಮಾಡೆಲ್ ಸ್ವಲ್ಪ ಕಡಿಮೆಗಿತ್ತು. ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬರೋಣ ಅಂತಲೂ ತಮ್ಮ ಹೇಳಿದ, 70 ಕಿಲೋಮೀಟರ್ ಏನು ಮಹಾ ದೂರ ಅಂತ. ನಾನು ಒಪ್ಪಲಿಲ್ಲ. ಆನ್ ಮಾಡಿ ತೋರಿಸಿದವರಿಗೆ ವ್ಯಾಪಾರ ಆಗಲಿ ಅನ್ನಿಸಿತು. ಆನ್‌ಲೈನ್ ಬೆಲೆ ತೋರಿಸಿ ಕೇಳಿದಾಗ ಅವರೂ ಇಳಿಸಿದರು. ಜಿಎಸ್‌ಟಿ 18% ಸೇರಿ 77,000ಕ್ಕೆ ಮುಗಿಯಿತು. ಸೀಲ್ ಇರುವ ಪೆಟ್ಟಿಗೆ ನಮ್ಮ ಮುಂದೆಯೇ ಒಡೆಸಿ, ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ವಾರಂಟಿ ಅಂದಿನಿಂದಲೇ ಶುರು ಅಂತ ನೋಡಿಕೊಂಡೇ ಅಪ್ಪ ದುಡ್ಡು ಎಣಿಸಿದ್ದು.

ರಜೆಗೆ ಊರಿಗೆ ತಂದಾಗ ಒಂದು ಗೊತ್ತಾಯಿತು. ನಮ್ಮ ಕಡೆ ಕರೆಂಟು ಹೋದರೆ ಬರುವುದು ಯಾವಾಗ ಅಂತ ಹೇಳೋಕಾಗಲ್ಲ. ಚಾರ್ಜರ್ ತೆಗೆದ ಕೂಡಲೇ ಗ್ರಾಫಿಕ್ಸ್ ಚಿಪ್ ತನ್ನ ಶಕ್ತಿ ಇಳಿಸಿಕೊಳ್ಳುತ್ತದೆ. ಬ್ಯಾಟರಿಗೆ ಅಷ್ಟು ಒಟ್ಟಿಗೆ ಕೊಡೋಕಾಗಲ್ಲ. ಆಟ ಎಳೆಯತೊಡಗುತ್ತದೆ, ಬ್ಯಾಟರಿಯೂ ಬೇಗ ಖಾಲಿ. ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಪ್ಲಗ್ ಪಕ್ಕದಲ್ಲೇ ಇರಬೇಕಾದ ಯಂತ್ರ. ಪೂರ್ತಿ ದಿನ ಬ್ಯಾಟರಿ ಮೇಲೆ ಕ್ಲಾಸಿನಲ್ಲಿ ಕೂರುವವರು ಇದನ್ನು ಯೋಚಿಸಿಯೇ ತೆಗೆದುಕೊಳ್ಳಬೇಕು. ಚಾರ್ಜರಿನ ಭಾರವೂ ಕಡಿಮೆಯೇನಲ್ಲ.

ಇನ್ನೊಂದು 8 ಜಿಬಿ ರ‍್ಯಾಮನ್ನು ತಮ್ಮ ಆಮೇಲೆ ತನ್ನ ದುಡ್ಡಿನಲ್ಲೇ ಹಾಕಿಸಿದ. ಈಗ ಅವನ ರೂಮಿನ ಹುಡುಗ ಒಬ್ಬ ನನಗೆ ಫೋನ್ ಮಾಡುತ್ತಿದ್ದಾನೆ. "ಅಕ್ಕ, ನನ್ನ ಹತ್ರ 60 ಸಾವಿರ ಇದೆ, ಏನ್ ತಗೊಳ್ಲಿ?" ಅಂತ. ಆ ದುಡ್ಡಿಗೆ 3050 ನೋಡಪ್ಪ, ಆದರೆ 6 ಜಿಬಿಯದು ಸಿಗೋವರೆಗೂ ಹುಡುಕು, 4 ಜಿಬಿಯದು ಬೇಡ ಅಂದಿದ್ದೇನೆ. ವ್ಯಾಟ್ ಎಷ್ಟು ಅಂತ ಅಂಗಡಿಯಲ್ಲೇ ತೆರೆದು ನೋಡಿ, ಆ ಸಾಲಿನ ಫೋಟೋ ಕಳಿಸು ಅಂತಲೂ ಹೇಳಿದ್ದೇನೆ.